ಕುತ್ತಿಗೆಯಲ್ಲಿ ಒಂಬತ್ತು ದಿನ ಹೆಚ್ಚು

ನನ್ನ ಸೋದರಮಾವ ಕಾರ್ಕಳದ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್. ಬೇರೆ ಜಿಲ್ಲೆಯವರಿಗೆ ಈ ಹುದ್ದೆಯ ಘನತೆಯನ್ನು ವಿವರಿಸುವುದು ಕಷ್ಟ. ಇಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಪ್ರತಿಯೊಂದಕ್ಕೂ ಅದರದೇ ನಿಮಿಷವಿದೆ. ಎಂಟು ಹದಿನೆಂಟಕ್ಕೆ ಉಡುಪಿಗೆ ಹೊರಡಬೇಕಾದ ಬಸ್ಸು ಎಂಟು ಇಪ್ಪತ್ತರವರೆಗೆ ನಿಂತರೆ, ಹಿಂದಿನ ಬಸ್ಸಿಗೆ ಸಿಗಬೇಕಾದ ಜನರನ್ನು ಅದು ಹತ್ತಿಸಿಕೊಂಡಿತೆಂದೇ ಅರ್ಥ. ಆ ಎರಡು ನಿಮಿಷಗಳ ಜಗಳ ಎರಡು ದಿನ ನಡೆಯುತ್ತದೆ. ಅದು ಹುಟ್ಟದಂತೆ ನೋಡಿಕೊಳ್ಳುವವರು ಟೈಮ್ ಕೀಪರ್. ಬಾಯಲ್ಲಿ ಸೀಟಿ, ಬಲಗೈಯಲ್ಲಿ ವಾಚು, ಕಂಕುಳಲ್ಲಿ ಪುಸ್ತಕ. ಮಾವ ಸೀಟಿ ಊದಿದರೆ ಹೋಟೆಲಿನೊಳಗಿರುವ ಡ್ರೈವರು ಅರ್ಧ ತಿಂದ ಬನ್ಸನ್ನು ತಟ್ಟೆಯಲ್ಲೇ ಬಿಟ್ಟು ಓಡಿಬರುತ್ತಾನೆ.

ಅಂಥ ಮನುಷ್ಯನ ಕುತ್ತಿಗೆಯಲ್ಲಿ, ಹೊರಡಬೇಕಾದ ಸಮಯ ಮೀರಿ ಒಂಬತ್ತು ದಿನ, ಒಂದು ಪ್ಲಾಸ್ಟಿಕ್ ಕೊಳವೆ ನಿಂತಿತ್ತು. ಅದರ ಸುತ್ತ ರಕ್ತ ಹೆಪ್ಪುಗಟ್ಟಿತು. ಅದನ್ನು ತೆಗೆಯಬೇಕಾದವರು ಯಾರು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಾನು ನಾಲ್ಕು ತಿಂಗಳು ಅಲೆದೆ. ಈ ಬರಹವನ್ನು ಕೋಪದಿಂದಲೇ ಬರೆಯಬೇಕೆಂದು ಕುಳಿತಿದ್ದೇನೆ. ಆದರೆ ನೆನೆದಾಗಲೆಲ್ಲ ನಗು ಉಕ್ಕಿ ಬರುತ್ತದೆ. ಆ ತಪ್ಪು ನನ್ನದಲ್ಲ, ಮಾವನದು. ಇನ್ನೂ ನಿಖರವಾಗಿ ಹೇಳಬೇಕೆಂದರೆ, ಮಾವನಿಗೆ ಕೊಟ್ಟ ಸ್ಟಿರಾಯ್ಡಿನದು.

ಆಸ್ಪತ್ರೆಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಇದು ಒಂದು ಕಟ್ಟಡದ ದೋಷವಾಗಿಬಿಡುತ್ತದೆ, ಉಳಿದ ಕಟ್ಟಡಗಳೆಲ್ಲ ನಿಟ್ಟುಸಿರು ಬಿಡುತ್ತವೆ. ಅಷ್ಟು ಸುಲಭವಾಗಿ ಯಾರನ್ನೂ ಬಿಡುವ ಮನಸ್ಸು ನನಗಿಲ್ಲ.

ಎಲ್ಲವೂ ಮೂಗಿನಿಂದ ಶುರುವಾಯಿತು. ಮೂಗು ಕಟ್ಟುವುದು, ಸೀನಿದರೆ ರಕ್ತದ ಹಕ್ಕಳೆ ಬರುವುದು. ಮಾವ ಕಲ್ಲಿನ ಕೋರೆಗಳ ಧೂಳನ್ನು ದೂಷಿಸಿದರು. ಕಾರ್ಕಳದಲ್ಲಿ ಮೂಗಿನ ಎಲ್ಲ ತೊಂದರೆಗೂ ಅದು ಸಿದ್ಧ ಉತ್ತರ. ಆಮೇಲೆ ಗಂಟುಗಳಲ್ಲಿ ನೋವು, ಕಾಲುಗಳ ಮೇಲೆ ಕೆಂಪು ಚುಕ್ಕೆ. ಒಂದು ಬೆಳಿಗ್ಗೆ ಸೀಟಿ ಊದಲು ಹೋಗಿ ಕೆಮ್ಮಿದರು, ಕರವಸ್ತ್ರದಲ್ಲಿ ರಕ್ತ ಕಂಡಿತು. ಪರೀಕ್ಷೆ ಮಾಡಿಸಿದಾಗ ಶ್ವಾಸಕೋಶದೊಳಗೆ ರಕ್ತ ಒಸರುತ್ತಿತ್ತು, ಮೂತ್ರಪಿಂಡಗಳೂ ಸೋಲತೊಡಗಿದ್ದವು. ಕಾಯಿಲೆಯ ಹೆಸರು ವ್ಯಾಸ್ಕುಲೈಟಿಸ್: ದೇಹವನ್ನು ಕಾಯಬೇಕಾದ ಪಡೆಯೇ ರಕ್ತನಾಳಗಳ ಗೋಡೆಗಳ ಮೇಲೆ ಎರಗುವ ಕಾಯಿಲೆ. ಆ ಹೆಸರು ಅತ್ತೆಯ ಬಾಯಿಗೆ ಹೊಂದಲಿಲ್ಲ.

“ವಾಸ್ಕೋ ಅಂತೆ ಅತ್ತಿಗೆ,” ಎಂದು ಅವರು ಫೋನಿನಲ್ಲಿ ನನ್ನ ಅಮ್ಮನಿಗೆ ಹೇಳಿದರು.

ಅಮ್ಮನಿಗೆ ಗೋವಾಕ್ಕೆ ಹೋಗುವ ರೈಲು ನೆನಪಾಯಿತು. “ಈಗ ವಾಸ್ಕೋಗೆ ಹೋಗುದು ಯಾಕೆ? ಮೊದಲು ಆಸ್ಪತ್ರೆಗೆ ಹೋಗಿ!”

“ಹೋಗುದಲ್ಲ ಅತ್ತಿಗೆ, ಬಂದದ್ದು!”

ಅಂದಿನಿಂದ ನಮ್ಮ ಮನೆಯಲ್ಲಿ ಆ ಕಾಯಿಲೆಗೆ ವಾಸ್ಕೋ ಎಂದೇ ಹೆಸರು.

ನನ್ನ ಮನೆ ಕಾಪು, ಕೆಲಸ ಮಣಿಪಾಲದಲ್ಲಿ. ಆಸ್ಪತ್ರೆ ನಡುವಿನ ದಾರಿಯಲ್ಲಿದ್ದುದರಿಂದ ಬೆಳಿಗ್ಗೆ ಮತ್ತು ಸಂಜೆ ಮಾವನ ಬಳಿ ಕೂರುವ ಪಾಳಿ ನನಗೆ ಬಂತು. ನಡುವಿನ ಹೊತ್ತು ಅತ್ತೆಯದು. ಮೊದಲ ಮೂರು ದಿನ ಮಾವ ತೀವ್ರನಿಗಾ ಘಟಕದಲ್ಲಿ ಬೂದು ಬಣ್ಣಕ್ಕೆ ತಿರುಗಿ ಸುಮ್ಮನೆ ಮಲಗಿದ್ದರು. ಆಗ ಅವರ ಕುತ್ತಿಗೆಯ ಬಲಬದಿಯ ದೊಡ್ಡ ರಕ್ತನಾಳಕ್ಕೆ ಒಂದು ಕ್ಯಾಥೆಟರ್ ತೂರಿಸಿ ಹೊಲಿಗೆ ಹಾಕಿದರು. ಹೃದಯದ ಹತ್ತಿರದವರೆಗೆ ಇಳಿಯುವ ಕೊಳವೆ. ಹೊರಗೆ ಒಂದು ಕೆಂಪು, ಒಂದು ನೀಲಿ ಮುಚ್ಚಳ. ಅದರ ಮೂಲಕ ದಿನ ಬಿಟ್ಟು ದಿನ ರಕ್ತವನ್ನು ಹೊರಗೆ ತೆಗೆದು, ಅದರಲ್ಲಿನ ದ್ರವಭಾಗವಾದ ಪ್ಲಾಸ್ಮಾವನ್ನು ಬೇರ್ಪಡಿಸಿ, ಹೊಸ ದ್ರವ ಸೇರಿಸಿ ಮರಳಿಸುತ್ತಿದ್ದರು. ರಕ್ತನಾಳಕ್ಕೆ ಮುತ್ತಿಗೆ ಹಾಕಿದ ಪದಾರ್ಥ ಆ ಪ್ಲಾಸ್ಮಾದಲ್ಲಿರುತ್ತದಂತೆ. ಜತೆಗೆ ಭಾರೀ ಪ್ರಮಾಣದ ಸ್ಟಿರಾಯ್ಡ್.

ನಾಲ್ಕನೆಯ ಬೆಳಿಗ್ಗೆ ನಾನು ಹೋದಾಗ ಅವರನ್ನು ವಾರ್ಡಿಗೆ ತಂದಿದ್ದರು, ಮಾವ ಮಂಚದ ಮೇಲೆ ನೆಟ್ಟಗೆ ಕುಳಿತಿದ್ದರು. ಕಣ್ಣುಗಳು ಫಳಫಳ ಹೊಳೆಯುತ್ತಿದ್ದವು.

“ಬಂದಿಯಾ? ಕೂತುಕೊ. ಆಯಿಲ್ ಚೇಂಜ್ ಆಯ್ತು ನಂಗೆ. ಇನ್ನು ಒಂದು ಲಕ್ಷ ಕಿಲೋಮೀಟರ್ ಏನೂ ನೋಡ್ಲಿಕ್ಕಿಲ್ಲ.”

ಸ್ಟಿರಾಯ್ಡ್ ಕೆಲವರನ್ನು ಮಂಕಾಗಿಸುತ್ತದೆ, ಕೆಲವರನ್ನು ಅಳುವಂತೆ ಮಾಡುತ್ತದೆ. ಮಾವನನ್ನು ಅದು ಗಾಳಿಪಟ ಮಾಡಿತು. ಎರಡು ಗಂಟೆ ನಿದ್ದೆ, ಉಳಿದ ಹೊತ್ತೆಲ್ಲ ಮಾತು, ಹಸಿವು, ಹಾಡು, ಯೋಜನೆ. ಮಧ್ಯಾಹ್ನದೊಳಗೆ ಅವರು ಆ ವಾರ್ಡಿನ ಟೈಮ್ ಕೀಪರ್ ಆಗಿ ಅಧಿಕಾರ ವಹಿಸಿಕೊಂಡಿದ್ದರು. ಚಹಾದ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು, ಎಲ್ಲವೂ ನನ್ನ ಹಳೆಯ ನೋಟುಬುಕ್ಕಿನಲ್ಲಿ ದಾಖಲಾಗತೊಡಗಿತು. ವಾರ್ಡಿನ ಹೊಣೆ ಹೊತ್ತಿದ್ದ ಹಿರಿಯ ವೈದ್ಯೆ ಅಳತೆ ಮಾಡಿ ಮಾತಾಡುವ, ವೇಗವಾಗಿ ನಡೆಯುವ ಮಧ್ಯವಯಸ್ಸಿನ ಹೆಂಗಸು. ಅವರು ರೌಂಡ್ಸಿಗೆ ಬಂದರೆ ಮಾವ ವಾಚು ನೋಡುತ್ತಿದ್ದರು.

“ಡಾಕ್ಟ್ರೇ, ನಿಮ್ಮ ಟೈಮ್ ಒಂಬತ್ತೂವರೆ. ಈಗ ಒಂಬತ್ತು ಐವತ್ತೆರಡು.”

“ಮೇಲಿನ ವಾರ್ಡಿನಲ್ಲಿ ಲೇಟಾಯ್ತು.”

“ಮೇಲಿನ ಸ್ಟಾಪಿನಲ್ಲಿ ಅಷ್ಟು ಹೊತ್ತು ಹಾಕಬಾರ್ದು. ಅಲ್ಲಿ ಪ್ಯಾಸೆಂಜರ್ ಜಾಸ್ತಿಯಾ?”

ವೈದ್ಯೆ ನಗಲಿಲ್ಲ, ಆದರೆ ಹಿಂದೆ ನಿಂತಿದ್ದ ಹೆಡ್ ಸಿಸ್ಟರ್ ಔಷಧಿಯ ಟ್ರೇಯನ್ನು ಮುಖಕ್ಕೆ ಅಡ್ಡ ಹಿಡಿದರು. ವೈದ್ಯೆ ಹೋದ ಮೇಲೆ ಗಂಭೀರವಾಗಿ ಗದರಿಸಿದರು.

“ಅಣ್ಣ, ಮಲಗಿ. ಇದು ಬಸ್‌ಸ್ಟ್ಯಾಂಡ್ ಅಲ್ಲ.”

“ಹೌದಾ? ಮತ್ತೆ ಎಲ್ಲರೂ ಯಾಕೆ ಕಾಯ್ತಾ ಇದ್ದಾರೆ?”

ಆ ಕೊಳವೆಗೆ ಆಸ್ಪತ್ರೆಯವರು ಹೇಳುತ್ತಿದ್ದ ಹೆಸರು ‘ಲೈನ್’. ಬಸ್ಸು ಓಡುವ ದಾರಿಗೂ ನಮ್ಮಲ್ಲಿ ಲೈನ್ ಎಂದೇ ಹೆಸರಾದ್ದರಿಂದ ಮಾವನ ಹಿಗ್ಗು ಹೇಳತೀರದು. ನೋಡಲು ಬಂದ ಪ್ರತಿಯೊಬ್ಬರಿಗೂ ಕುತ್ತಿಗೆ ಓರೆ ಮಾಡಿ ತೋರಿಸುತ್ತಿದ್ದರು: “ಕಾರ್ಕಳ–ಉಡುಪಿ ಲೈನ್ ಬಿಟ್ಟೆ. ಈಗ ಕುತ್ತಿಗೆ–ಹೃದಯ ಲೈನ್. ನಾನ್‌ಸ್ಟಾಪ್!”

ಏಳು ಸಲ ಪ್ಲಾಸ್ಮಾ ಬದಲಿಸಿದರು. ಕೆಮ್ಮಿನಲ್ಲಿ ರಕ್ತ ನಿಂತಿತು, ಮೂತ್ರಪಿಂಡಗಳು ಮೆಲ್ಲಗೆ ಚೇತರಿಸಿಕೊಂಡವು. ಏಳನೆಯದು ಒಂದು ಗುರುವಾರ ಮುಗಿಯಿತು. ಇನ್ನು ಬೇಡ ಎಂದು ಮೂತ್ರಪಿಂಡದ ವಿಭಾಗದವರು ಹೇಳಿಹೋದರು. ಅಂದರೆ ಆ ಗುರುವಾರ ಸಂಜೆಯಿಂದ ಲೈನಿಗೆ ಕೆಲಸವಿರಲಿಲ್ಲ. ಆ ಸಂಜೆ ನಮಗೆ ಅದು ಹೊಳೆಯಲೇ ಇಲ್ಲ. ಮಾವ ಬದುಕಿದರೆಂಬ ಸಂಭ್ರಮದಲ್ಲಿ ನಾನೂ ಅತ್ತೆಯೂ ಕ್ಯಾಂಟೀನಿನಲ್ಲಿ ಗೋಳಿಬಜೆ ತಿಂದು, ಪಾರ್ಸೆಲ್ ಕಟ್ಟಿಸಿಕೊಂಡು ಬಂದು, ಅದನ್ನು ಹೆಡ್ ಸಿಸ್ಟರ್ ಮುಟ್ಟುಗೋಲು ಹಾಕಿಕೊಂಡಾಗ, ಮಾವನೂ ಸೇರಿ ಮೂವರೂ ಬಿದ್ದು ಬಿದ್ದು ನಕ್ಕಿದ್ದೆವು.

ಪಾಳಿ ಬದಲಾಗುವಾಗ ದಾದಿಯರು ಒಬ್ಬರಿಗೊಬ್ಬರು ರೋಗಿಗಳನ್ನು ಒಪ್ಪಿಸುವ ಕ್ರಮವಿದೆ. ದಿನಕ್ಕೆ ಮೂರು ಸಲ. ಮಂಚದ ಬುಡದಲ್ಲಿ ನಿಂತು, ಪಟ್ಟಿಯ ಮೇಲೆ ಪೆನ್ನಿಟ್ಟು, ಬಂದವರು ಕೇಳುತ್ತಾರೆ, ಹೊರಡುವವರು ಉತ್ತರಿಸುತ್ತಾರೆ.

“ಜ್ವರ?”

“ಇಲ್ಲ.”

“ಲೈನ್ ಉಂಟಾ?”

“ಉಂಟು.”

ಪೆನ್ನು ಗುರುತು ಹಾಕಿ ಮುಂದಿನ ಮಂಚಕ್ಕೆ ಹೋಗುತ್ತದೆ. ನಮ್ಮ ಕರಾವಳಿಯ ಕನ್ನಡದಲ್ಲಿ ‘ಉಂಟು’ ಎಂಬುದಕ್ಕಿಂತ ನೆಮ್ಮದಿಯ ಪದ ಇನ್ನೊಂದಿಲ್ಲ. ಊಟ ಉಂಟಾ? ಉಂಟು. ಬಸ್ ಉಂಟಾ? ಉಂಟು. ಕೇಳಿದವರ ಭುಜ ಇಳಿಯುತ್ತದೆ, ಮುಖ ಅರಳುತ್ತದೆ. ಇರುವುದು ಒಳ್ಳೆಯದೇ, ಇಲ್ಲದಿರುವುದೇ ತೊಂದರೆ ಎಂಬ ನಂಬಿಕೆ ಆ ಎರಡಕ್ಷರದ ಪದದೊಳಗೆ ಹುದುಗಿದೆ. ಒಂಬತ್ತು ದಿನ, ಇಪ್ಪತ್ತೇಳು ಪಾಳಿ, ಇಪ್ಪತ್ತೇಳು ಸಲ ಲೈನ್ ಉಂಟಾ ಎಂದು ಕೇಳಿದರು, ಇಪ್ಪತ್ತೇಳು ಸಲ ಉಂಟು ಎಂಬ ಉತ್ತರ ಬಂತು, ಇಪ್ಪತ್ತೇಳು ಸಲ ಪೆನ್ನು ತೃಪ್ತಿಯಿಂದ ಮುಂದೆ ಹೋಯಿತು. ‘ಬೇಕಾ?’ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಒಂಬತ್ತನೆಯ ದಿನ, ಶನಿವಾರ ಮಧ್ಯಾಹ್ನ, ಮಾವನ ವಾಚು ಬಿಗಿಯಾಯಿತು. ಪಟ್ಟಿಯನ್ನು ಒಂದು ತೂತು ಸಡಿಲಿಸಿದರು. ಸಂಜೆಗೆ ಇನ್ನೊಂದು ತೂತು. ನಾನು ಹೋದಾಗ ಅವರದೇ ವಿವರಣೆ ಸಿದ್ಧವಾಗಿತ್ತು.

“ಸ್ಟಿರಾಯ್ಡಿನ ಹಸಿವು ಮಾರಾಯ್ತಿ. ಬೆಳಿಗ್ಗೆ ಎಂಟು ಇಡ್ಲಿ ತಿಂದೆ. ಎಲ್ಲ ಕೈಗೆ ಹೋಗಿದೆ.”

ಅತ್ತೆ ಅವರ ಎರಡೂ ಕೈಗಳನ್ನು ಹಿಡಿದು ಹಾಸಿಗೆಯ ಮೇಲೆ ಪಕ್ಕಪಕ್ಕ ಇಟ್ಟರು, ಮಾರ್ಕೆಟಿನಲ್ಲಿ ಎರಡು ಬಂಗುಡೆ ಮೀನುಗಳನ್ನು ಹೋಲಿಸಿ ನೋಡುವಂತೆ. ನೋಡಿದರು. ತಿರುಗಿಸಿದರು. ಮತ್ತೆ ನೋಡಿದರು.

“ದಪ್ಪ ಆದ್ರೆ ಎರಡೂ ಕೈ ಆಗ್ಬೇಕಲ್ವಾ? ಇದೆಂತ, ಇಡ್ಲಿ ಬಲಗೈಗೆ ಮಾತ್ರ ಹೋಗುದಾ?”

ಅವರ ಮಾತಿಗೆ ನಾವು ನಗುತ್ತಿರುವಾಗಲೇ ಹೆಡ್ ಸಿಸ್ಟರ್ ಬಂದರು. ಕೈಯನ್ನು ನೋಡಿದರು, ಕುತ್ತಿಗೆಯನ್ನು ನೋಡಿದರು, ಕತ್ತಿನ ಕೆಳಗೆ ಉಬ್ಬಿದ್ದ ನೀಲಿ ನಾಳಗಳನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ನಡೆದು ಹೋಗಲಿಲ್ಲ, ಓಡಿದರು.

ಡಾಪ್ಲರ್ ಎಂಬ ಸ್ಕ್ಯಾನಿನಲ್ಲಿ ರಕ್ತದ ಹರಿವು ಬಣ್ಣದಲ್ಲಿ ಕಾಣುತ್ತದೆ. ಮಾವನ ಕುತ್ತಿಗೆಯಿಂದ ಭುಜದ ಎಲುಬಿನ ಕೆಳಗಿನವರೆಗೆ ಬಣ್ಣವೇ ಇರಲಿಲ್ಲ. ಹಿರಿಯ ವೈದ್ಯೆ ನಮ್ಮಿಬ್ಬರನ್ನು ಹೊರಗೆ ಕರೆದು ಹೇಳಿದರು: ವ್ಯಾಸ್ಕುಲೈಟಿಸ್ ಕೆರಳಿರುವಾಗ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೇಗೂ ಹೆಚ್ಚಿರುತ್ತದೆ, ನಾಳದ ಒಳಗೋಡೆಯೇ ಗಾಯಗೊಂಡಿರುತ್ತದೆ. ಅಂಥ ನಾಳದೊಳಗೆ ಕೊಳವೆ ಇದ್ದರೆ ರಕ್ತ ಅದಕ್ಕೆ ಅಂಟಿ ಗಟ್ಟಿಯಾಗುವುದು ಇನ್ನೂ ಸುಲಭ. ಆ ಗಡ್ಡೆಯ ತುಂಡೊಂದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಆದ್ದರಿಂದ ರಕ್ತ ತೆಳುವಾಗಿಸುವ ಔಷಧಿ ಕೊಡಲೇಬೇಕು. ಆದರೆ ಎರಡು ವಾರದ ಹಿಂದಷ್ಟೇ ಶ್ವಾಸಕೋಶದಲ್ಲಿ ರಕ್ತ ಒಸರಿದ ಮನುಷ್ಯನಿಗೆ ಆ ಔಷಧಿ ಕೊಟ್ಟರೆ ಮತ್ತೆ ಒಸರಬಹುದು.

“ಹಾಗಾದ್ರೆ ಕೊಟ್ಟರೂ ಕಷ್ಟ, ಕೊಡದಿದ್ರೂ ಕಷ್ಟ,” ಎಂದರು ಅತ್ತೆ.

“ಕೊಟ್ಟು, ಕಾದು ನೋಡುವುದು,” ಎಂದರು ವೈದ್ಯೆ. “ಲೈನನ್ನು ಈಗಲೇ ಎಳೆದರೆ ಗಡ್ಡೆ ಕಳಚಬಹುದು, ಅದಕ್ಕೂ ಕಾಯಬೇಕು.”

ಕಾದು ನೋಡುವುದು ಎಂದರೇನೆಂದು ಮುಂದಿನ ಮೂರು ದಿನಗಳಲ್ಲಿ ಕಲಿತೆವು. ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಮಾವ ಕೆಮ್ಮಿದರೆ ಸಾಕು, ನಾನೂ ಅತ್ತೆಯೂ ಕರವಸ್ತ್ರದ ಮೇಲೆ ಒಟ್ಟಿಗೆ ಬಾಗುತ್ತಿದ್ದೆವು, ಒಮ್ಮೆಯಂತೂ ಹಣೆಗೆ ಹಣೆ ಢಿಕ್ಕಿ ಹೊಡೆಯಿತು. “ಬಿಳಿ!” ಎಂದು ಅತ್ತೆ ಕೂಗಿದರೆ ಪಕ್ಕದ ಮಂಚದವರೂ “ಬಿಳಿ, ಬಿಳಿ!” ಎನ್ನುತ್ತಿದ್ದರು. ಕಫವನ್ನು ಕಂಡು ಅಷ್ಟು ಆನಂದಿಸಿದ ವಾರ್ಡು ಈ ಜಿಲ್ಲೆಯಲ್ಲಿ ಇನ್ನೊಂದಿರಲಾರದು. ಮಾವ ಪ್ರತಿ ಕೆಮ್ಮಿಗೂ ಸಮಯ ಬರೆದಿಡುತ್ತಿದ್ದರು. ಮೂರನೆಯ ದಿನದ ಸಂಜೆ, ರಕ್ತವಿಲ್ಲದೆ, ಕೈಯ ಬಾವು ಇಳಿಯತೊಡಗಿದಾಗ, ಹೊಲಿಗೆ ಕತ್ತರಿಸಿ ಲೈನನ್ನು ಹೊರಗೆಳೆದರು. ಉಸಿರು ಹಿಡಿಯಲು ಹೇಳಿದರು, ಎಳೆದರು, ಒತ್ತಿ ಹಿಡಿದರು. ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷ! ಅದುವರೆಗಿನ ನನ್ನ ಉನ್ಮತ್ತ ಹಿಗ್ಗು ಆ ಕ್ಷಣದಲ್ಲಿ ಅಷ್ಟೇ ಉನ್ಮತ್ತ ಸಿಟ್ಟಾಗಿ ಮಗುಚಿಕೊಂಡಿತು. ಹತ್ತು ನಿಮಿಷದ ಕೆಲಸವನ್ನು ಒಂಬತ್ತು ದಿನ ಯಾರು ಮಾಡಲಿಲ್ಲ?

ಕೇಳಿದೆ. ಮೂತ್ರಪಿಂಡದ ವಿಭಾಗದವರು ಹೇಳಿದರು: ನಮ್ಮ ಚಿಕಿತ್ಸೆ ಗುರುವಾರ ಮುಗಿಯಿತು, ರೋಗಿ ವಾರ್ಡಿನವರಿಗೆ ಸೇರಿದವರು. ವಾರ್ಡಿನ ಕಿರಿಯ ವೈದ್ಯರು ಹೇಳಿದರು: ಲೈನನ್ನು ಹಾಕಿದವರು ತೆಗೆಯಬೇಕು. ಹಾಕಿದವರು ತೀವ್ರನಿಗಾ ಘಟಕದವರು. ಅವರು ಹೇಳಿದರು: ನಮ್ಮನ್ನು ಕರೆದರೆ ತೆಗೆಯುತ್ತೇವೆ, ಯಾರೂ ಕರೆಯಲಿಲ್ಲ. ಮೂವರೂ ಸಭ್ಯರು. ಮೂವರೂ ನಿಜವನ್ನೇ ಹೇಳಿದರು. ಮೂರು ನಿಜಗಳ ನಡುವಿನ ಸಂದಿಯಲ್ಲಿ ನನ್ನ ಮಾವನ ರಕ್ತ ಗಡ್ಡೆ ಕಟ್ಟಿತ್ತು.

ಇದು ಹಳೆಯ ಕೋಪವನ್ನು ತೀರಿಸಿಕೊಳ್ಳುವ ಮಾತಾಗಿರಲಿಲ್ಲ. ವಾಸ್ಕೋ ಮರಳಿ ಬರಬಹುದು ಎಂದು ವೈದ್ಯೆಯೇ ಹೇಳಿದ್ದರು. ಬಂದರೆ ಮತ್ತೊಮ್ಮೆ ಲೈನ್ ಬೇಕಾಗಬಹುದು. ಒಂದು ಬದಿಯ ನಾಳ ಆಗಲೇ ಕೆಟ್ಟಿದೆ. ಆ ಸಲವೂ ಮೂವರು ಸಭ್ಯರ ನಡುವೆ ಅದು ಮರೆತುಹೋದರೆ? ಇದು ನನ್ನ ಹೊಣೆ ಎಂದು ಒಬ್ಬರ ಬಾಯಿಂದಾದರೂ ಬರಬೇಕಿತ್ತು. ಅದಿಲ್ಲದೆ ಮಾವನನ್ನು ಮತ್ತೆ ಆ ಬಾಗಿಲೊಳಗೆ ಕಳಿಸಲು ನನಗೆ ಧೈರ್ಯವಿರಲಿಲ್ಲ. ಕಳಿಸದಿರುವುದೂ ಸುಲಭವಿರಲಿಲ್ಲ. ಮಾವನ ಕಾಯಿಲೆಯ ಒಳಹೊರಗು ಬಲ್ಲವರು ಅವರೇ.

ಬಿಡುಗಡೆಯಾದ ಮೇಲೆ ಮಾವನೂ ಅತ್ತೆಯೂ ಕಾಪುವಿನ ನಮ್ಮ ಮನೆಯಲ್ಲಿ ಉಳಿದರು. ರಕ್ತ ತೆಳುವಾಗಿಸುವ ಮಾತ್ರೆ ಶುರುವಾಗಿತ್ತು, ಪದೇಪದೇ ರಕ್ತಪರೀಕ್ಷೆ. ಸೊಪ್ಪು ತಿಂದರೆ ಆ ಮಾತ್ರೆಯ ಬಲ ಕುಗ್ಗುತ್ತದಂತೆ. ತಿನ್ನಲೇಬಾರದೆಂದಿಲ್ಲ, ತಿಂದರೆ ಪ್ರತಿವಾರ ಒಂದೇ ಅಳತೆ ತಿನ್ನಬೇಕು. ಬಸಳೆಯಿಲ್ಲದೆ ಬದುಕಲಾರದ ಮನುಷ್ಯನಿಗೆ ಇದನ್ನು ಹೇಳಿದವರು ಯಾರೋ! ಅತ್ತೆ ಬುಧವಾರ ಬಸಳೆ ಎಂದು ಸಾರಿದರು. ಮಾವ ಮಂಗಳವಾರ ಹಿತ್ತಿಲಿನ ಬಸಳೆ ಚಪ್ಪರದ ಕೆಳಗೆ ಸಿಕ್ಕಿಬಿದ್ದರು, ಕೈಯಲ್ಲಿ ಎಲೆ.

“ಎಂತ ಮಾಡುದು ಇಲ್ಲಿ?” ಅತ್ತೆ ಸೊಂಟಕ್ಕೆ ಕೈಯಿಟ್ಟು ಕೇಳಿದರು.

“ಎಲೆ ಎಣಿಸ್ತಾ ಇದ್ದೆ. ನಾಳೆಯ ಟ್ರಿಪ್ಪಿಗೆ.”

ಸ್ಟಿರಾಯ್ಡಿನಿಂದ ಅವರ ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗಾಗಿತ್ತು. ಆ ಮುಖದಲ್ಲಿ ಸುಳ್ಳು ಅಡಗಿಸುವಷ್ಟು ಮೂಲೆಗಳೇ ಉಳಿದಿರಲಿಲ್ಲ.

ನಾನು ಆಸ್ಪತ್ರೆಗೆ ಪತ್ರ ಬರೆಯಲು ಕುಳಿತೆ. ಪರಿಹಾರ ಬೇಡ, ಕ್ಷಮೆ ಬೇಡ. ಒಂದೇ ಪ್ರಶ್ನೆ: ತೆಗೆಯಬೇಕಾದವರು ಯಾರಾಗಿದ್ದರು? ಉತ್ತರ ಕನ್ನಡದಲ್ಲೇ ಇರಬೇಕು, ಏಕೆಂದರೆ ಕುತ್ತಿಗೆ ಮಾವನದು, ಮಾವ ಓದುವುದು ಕನ್ನಡವನ್ನು. ಆರು ಪುಟವಾಯಿತು. ಸಂವಿಧಾನವೂ ಬಂತು. ಮಾವ ಓದಿ ವಾಚು ನೋಡಿದರು.

“ಇದನ್ನು ಓದಿ ಮುಗಿಸುವಾಗ ಅವರಿಗೆ ರಿಟೈರ್ ಆಗ್ತದೆ. ಒಂದು ಪುಟ ಮಾಡು.”

ಒಂದು ಪುಟ ಮಾಡುತ್ತಿರುವಾಗ, ದಿನಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತ ಹೋದಂತೆ, ನನ್ನ ಕೈ ನಿಂತಿತು. ಆರನೆಯ ದಿನ. ಬುಧವಾರ ಸಂಜೆ. ಹೊಸ ದಾದಿ ಪಟ್ಟಿ ಹಿಡಿದು ಬಂದಿದ್ದರು, ಹೊರಡುವವರು ಆಗಲೇ ಹೊರಟುಹೋಗಿದ್ದರು. ಮಾವ ಅಪರೂಪಕ್ಕೆ ನಿದ್ದೆಯಲ್ಲಿದ್ದರು. ದಾದಿ ನನ್ನನ್ನು ಕೇಳಿದರು: ಲೈನ್ ಉಂಟಾ? ನಾನು ಹೊದಿಕೆಯನ್ನು ಸರಿಸಿ, ಕೆಂಪು ಮತ್ತು ನೀಲಿ ಮುಚ್ಚಳಗಳನ್ನು ಕಂಡು, ಸಹಾಯ ಮಾಡಿದ ಹೆಮ್ಮೆಯಿಂದ, ಉಂಟು ಎಂದಿದ್ದೆ. ಎರಡು ಪದವಿ ಪಡೆದವಳು, ಪ್ರಶ್ನೆ ಕೇಳುವುದನ್ನೇ ಕಲಿತವಳು. ಇಪ್ಪತ್ತೇಳು ಉಂಟುಗಳಲ್ಲಿ ಒಂದು ನನ್ನದು.

ಅದನ್ನು ಪತ್ರದ ಮೊದಲ ವಾಕ್ಯ ಮಾಡಿದೆ.

ಮೂರು ವಾರಕ್ಕೆ ಆಡಳಿತ ವಿಭಾಗದಿಂದ ಉತ್ತರ ಬಂತು. ದಪ್ಪ ಕಾಗದ, ಸುಂದರ ಕನ್ನಡ. ‘ಕ್ಯಾಥೆಟರಿನಿಂದ ರಕ್ತ ಹೆಪ್ಪುಗಟ್ಟುವುದು ವೈದ್ಯಕೀಯವಾಗಿ ತಿಳಿದಿರುವ ತೊಡಕಾಗಿರುತ್ತದೆ. ಈ ಬಗ್ಗೆ ಒಪ್ಪಿಗೆ ಪತ್ರದಲ್ಲಿ ತಿಳಿಸಲಾಗಿದೆ. ಕ್ಯಾಥೆಟರನ್ನು ಸಕಾಲದಲ್ಲಿ ತೆಗೆಯಲಾಗಿಲ್ಲ ಎಂಬುದನ್ನು ಗಮನಿಸಲಾಗಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು.’

ತಿಳಿಸಲಾಗಿದೆ, ತೆಗೆಯಲಾಗಿಲ್ಲ, ಗಮನಿಸಲಾಗಿದೆ, ಕೈಗೊಳ್ಳಲಾಗುವುದು! ನಾಲ್ಕು ಕ್ರಿಯಾಪದ, ಒಬ್ಬ ಕರ್ತೃವೂ ಇಲ್ಲ. ಮಣಿಪಾಲದಲ್ಲಿ ಬಸ್ಸಿಗೆ ಕಾಯುತ್ತ ಅದನ್ನು ಓದಿದವಳಿಗೆ ಎಂಥ ನಗು ಬಂತೆಂದರೆ, ಪಕ್ಕದಲ್ಲಿದ್ದ ಇಬ್ಬರು ವಿದ್ಯಾರ್ಥಿಗಳು ಸರಿದು ನಿಂತರು. ನಮ್ಮ ಭಾಷೆಯಲ್ಲಿ ಈ ‘ಲಾಗಿದೆ’ ಎಂಬುದು ಅದ್ಭುತವಾದ ಪರದೆ. ಅದರ ಹಿಂದೆ ಇಡೀ ಸರಕಾರ ಅಡಗಿ ಕೂರಬಹುದು, ಒಂದು ಕಾಲಿನ ಬೆರಳೂ ಹೊರಗೆ ಕಾಣುವುದಿಲ್ಲ. ತಿಳಿದಿರುವ ತೊಡಕು ಎಂಬ ಮಾತಂತೂ ನನ್ನನ್ನು ಕೆಂಡವಾಗಿಸಿತು. ತಿಳಿದಿದ್ದರೆ ಕಾಯಬೇಕಿತ್ತು. ತಿಳಿದಿರುವುದು ತಪ್ಪಿಸಿಕೊಳ್ಳುವ ದಾರಿ ಆಗುವುದು ಹೇಗೆ?

ಬಸ್ಸಿನಲ್ಲೇ ಎರಡನೆಯ ಪತ್ರ ಬರೆದೆ. ಅವರದೇ ಪತ್ರದ ನಕಲಿನ ಮೇಲೆ ನಾಲ್ಕು ಕ್ರಿಯಾಪದಗಳಿಗೂ ಕೆಂಪು ಗೆರೆ ಎಳೆದು, ಪ್ರತಿಯೊಂದರ ಪಕ್ಕ ‘ಯಾರು?’ ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಮನೆಗೆ ಬಂದಾಗ ಮಾವನೂ ಸಹಿ ಹಾಕಿದರು, ಸಮಯ ಸಮೇತ: ಆರು ನಲವತ್ತೊಂದು.

ಈ ಸಲ ಕರೆ ಬಂತು. ಆಡಳಿತಾಧಿಕಾರಿಯ ಕೋಣೆಯಲ್ಲಿ ಅವರು, ಹಿರಿಯ ವೈದ್ಯೆ, ಹೆಡ್ ಸಿಸ್ಟರ್. ಎದುರು ನಾನು ಮತ್ತು ಮಾವ. ಅಧಿಕಾರಿ ಮೃದುವಾಗಿ ಶುರುಮಾಡಿದರು.

“ನೋಡಿ, ದೊಡ್ಡ ಆಸ್ಪತ್ರೆ. ಹಲವು ವಿಭಾಗಗಳು. ಒಬ್ಬರ ಮೇಲೆ ಬೊಟ್ಟು ಮಾಡ್ಲಿಕ್ಕೆ ಆಗುದಿಲ್ಲ. ಲೈನಿನ ಬಗ್ಗೆ ಪ್ರತಿ ಪಾಳಿಯಲ್ಲೂ ದಾಖಲೆ ಉಂಟು.”

ನಾನು ಬಾಯಿ ತೆರೆಯುವ ಮೊದಲೇ ಮಾವ ಕುರ್ಚಿಯ ತುದಿಗೆ ಬಂದಿದ್ದರು. ದುಂಡು ಮುಖ ಹೊಳೆಯುತ್ತಿತ್ತು.

“ಸಾರ್, ನಮ್ಮ ಸ್ಟ್ಯಾಂಡಿನಲ್ಲಿ ಒಂದು ದಿನಕ್ಕೆ ಎಷ್ಟೋ ಬಸ್. ಎಷ್ಟೋ ಮಾಲೀಕರು. ಒಬ್ಬನ ಮುಖ ಇನ್ನೊಬ್ಬನಿಗೆ ಆಗುದಿಲ್ಲ. ಎಂಟು ಹದಿನೆಂಟರ ಬಸ್ ಎಂಟು ಇಪ್ಪತ್ತಕ್ಕೆ ಅಲ್ಲೇ ನಿಂತಿದ್ರೆ, ಬಸ್ ಉಂಟಾ ಅಂತ ನಾನು ಕೇಳುದಿಲ್ಲ. ಉಂಟಲ್ಲ, ಕಣ್ಣೆದುರಿಗೇ ಉಂಟು! ಯಾಕೆ ಉಂಟು ಅಂತ ಕೇಳ್ತೇನೆ. ಬಸ್ ಯಾರದ್ದೇ ಆಗ್ಲಿ, ಕೇಳುವವ ಒಬ್ಬನೇ. ಕೇಳದಿದ್ರೆ ಬೈಗುಳವೂ ಅವನಿಗೇ.”

ಹೆಡ್ ಸಿಸ್ಟರ್ ಮೊದಲು ಬಾಯಿಬಿಟ್ಟರು. “ತೆಗೀಲಿಕ್ಕೆ ನಮಗೆ ಅಧಿಕಾರ ಇಲ್ಲ ಸಾರ್. ಕೇಳ್ಲಿಕ್ಕೆ ಇತ್ತು. ಆ ಪಟ್ಟಿಯಲ್ಲಿ ಆ ಪ್ರಶ್ನೆ ಇಲ್ಲ ಅಂತ ನಾವೂ ಕೇಳಲಿಲ್ಲ.”

“ಪಟ್ಟಿಯನ್ನು ಪರಿಷ್ಕರಿಸಲಾಗುವುದು,” ಎಂದರು ಅಧಿಕಾರಿ.

“ಯಾರು?” ಎಂದೆ ನಾನು. ಕರ್ತೃಪದಕ್ಕಾಗಿ ಅಷ್ಟು ಜೋರಾಗಿ ಕೂಗಿದವಳು ನಾನೊಬ್ಬಳೇ ಇರಬೇಕು. ಹೊರಗಿನ ಬೆಂಚಿನಲ್ಲಿ ಕುಳಿತವರು ಇಣುಕಿ ನೋಡಿದರು.

ಹಿರಿಯ ವೈದ್ಯೆ ಅದುವರೆಗೆ ನನ್ನ ಮೊದಲ ಪತ್ರವನ್ನೇ ಓದುತ್ತಿದ್ದರು, ನನ್ನ ‘ಉಂಟು’ ಇರುವ ಮೊದಲ ವಾಕ್ಯದ ಮೇಲೆ ಬೆರಳಿಟ್ಟುಕೊಂಡು. ಅವರು ಅಧಿಕಾರಿಯ ಮೇಜಿನಿಂದ ಒಂದು ಹಾಳೆ ಎಳೆದುಕೊಂಡರು. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಅಧಿಕಾರಿ “ಮೇಡಂ, ಕಾನೂನು ವಿಭಾಗಕ್ಕೆ ಒಮ್ಮೆ…” ಎನ್ನುವಷ್ಟರಲ್ಲಿ ಹಾಳೆ ಮಾವನ ಕೈಯಲ್ಲಿತ್ತು.

‘ವಾರ್ಡಿನ ಹೊಣೆ ನನ್ನದಾಗಿತ್ತು. ಒಂಬತ್ತು ದಿನವೂ ನಾನು ಆ ಲೈನನ್ನು ನೋಡಿದೆ. ಅದು ಇನ್ನೂ ಬೇಕೇ ಎಂದು ನಾನು ಕೇಳಬೇಕಿತ್ತು, ತೆಗೆಸಬೇಕಿತ್ತು. ನಾನು ತೆಗೆಸಲಿಲ್ಲ. ಇನ್ನು ಮುಂದೆ ನನ್ನ ವಾರ್ಡಿನಲ್ಲಿ ಪ್ರತಿ ಬೆಳಿಗ್ಗೆ ಇದನ್ನು ನಾನೇ ಕೇಳುತ್ತೇನೆ.’ ಕೆಳಗೆ ಸಹಿ.

ನಾನು ಅದನ್ನು ಮಾವನ ಭುಜದ ಮೇಲಿನಿಂದ ಓದಿದೆ. ಮೂರು ‘ನಾನು’, ಒಂದು ‘ನನ್ನದು’, ಒಂದು ‘ನನ್ನ’, ಒಂದು ‘ನಾನೇ’. ನನ್ನ ಹತ್ತಿರ ಇನ್ನೂ ಹನ್ನೊಂದು ಪ್ರಶ್ನೆಗಳ ಪಟ್ಟಿ ಇತ್ತು. ಮೂತ್ರಪಿಂಡದ ವಿಭಾಗಕ್ಕೆ ನಾಲ್ಕು, ತೀವ್ರನಿಗಾ ಘಟಕಕ್ಕೆ ಮೂರು, ಉಳಿದವು ಅಧಿಕಾರಿಗೆ. ಮೊದಲ ಏಳನ್ನು ಆಮೇಲೆ ಅವರವರ ಬಾಗಿಲಿಗೆ ಕಳಿಸಿದ್ದೇನೆ, ಉತ್ತರ ಬರುವವರೆಗೆ ಕಳಿಸುತ್ತಲೂ ಇರುತ್ತೇನೆ. ಅಂದು ಮಾತ್ರ ಪಟ್ಟಿಯನ್ನು ಮಡಚಿ ಚೀಲದೊಳಗಿಟ್ಟೆ.

ಹೊರಗೆ ಬಂದ ಮೇಲೆ ಮಾವ ಕಾರಿಡಾರಿನ ಕಿಟಕಿಯ ಬೆಳಕಿನಲ್ಲಿ ಹಾಳೆಯನ್ನು ಇನ್ನೊಮ್ಮೆ ಓದಿದರು, ತುಟಿ ಅಲ್ಲಾಡಿಸುತ್ತ.

“ಬೇರೆ ಡಾಕ್ಟರನ್ನು ಹುಡುಕುವ ಅಂತ ಹೇಳಿದ್ದಿಯಲ್ಲ ನೀನು?”

“ಹೌದು. ಮಂಗಳೂರಿನಲ್ಲಿ ವಿಚಾರಿಸಿದ್ದೇನೆ.”

“ಬೇಡ. ಇನ್ನು ನನಗೆ ಇವರೇ ಆಗ್ಬೇಕು.”

“ಮಾವ! ತಪ್ಪು ಅವರದ್ದು ಅಂತ ಅವರೇ ಬರೆದು ಕೊಟ್ಟಿದ್ದಾರೆ!”

“ಅದಕ್ಕೇ ಮಾರಾಯ್ತಿ,” ಎಂದರು ಮಾವ. “ಇನ್ನು ಅವರು ಮರೆಯುವವರಲ್ಲ. ಬೇರೆಯವರಿಗೆ ಮೊದಲಿನಿಂದ ಕಲಿಸುವವರು ಯಾರು?”

ವಾದಿಸಲು ನನ್ನ ಬಳಿ ಎರಡು ಪದವಿಗಳಷ್ಟು ಸಾಮಗ್ರಿ ಇತ್ತು. ಮಾವ ಆಗಲೇ ಹೊರರೋಗಿಗಳ ಕೌಂಟರಿನ ಮುಂದೆ ನಿಂತು, ಮುಂದಿನ ತಪಾಸಣೆಗೆ ಅದೇ ವೈದ್ಯೆಯ ಬಳಿ ಮಂಗಳವಾರದ ಮೊದಲ ಚೀಟಿ ಬೇಕೆಂದು, ಕೌಂಟರಿನವಳೊಂದಿಗೆ ನಿಮಿಷದ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಿದ್ದರು. ನಾನು ಹೋಗಿ ಸಾಲಿನಲ್ಲಿ ಅವರ ಹಿಂದೆ ನಿಂತೆ.